ಹತ್ತು ಪರ್ಸೆಂಟ್ ಸೆಲ್ಯೂಟು

ನಮ್ಮ ಮನೆಯಲ್ಲಿ ಪೂರ್ತಿ ಬೆಲೆ ಕೊಟ್ಟು ತಂದ ವಸ್ತುವಿಗೆ ಮರ್ಯಾದೆ ಕಡಿಮೆ. ಅದು ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗವಾಗಿರಲಿ, ನಮ್ಮವರು ಒಂದು ಸಲ ಕೈಗೆತ್ತಿಕೊಂಡು, ತಿರುಗಿಸಿ, ಎಂಆರ್‌ಪಿ ನೋಡಿ, "ಸಿವಿಲ್ ರೇಟಾ?" ಎಂದು ಕೇಳಿ ಕೆಳಗಿಡುತ್ತಾರೆ. ಅದೇ ಮಡಿಕೇರಿಯ ಮಿಲಿಟರಿ ಕ್ಯಾಂಟೀನಿನಿಂದ ಬಂದ ಸೋಪಾದರೆ, ಉಜ್ಜುವ ಮೊದಲೇ ಮುಖ ಹೊಳೆಯುತ್ತದೆ. ನಾವಿರುವ ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು, ಹೆಚ್ಚಿನದೆಲ್ಲ ಏರುದಾರಿ. ಸೋಪಿನಲ್ಲಿ ಉಳಿಯುವ ದುಡ್ಡು ಸುಂಟಿಕೊಪ್ಪ ತಲುಪುವುದರೊಳಗೆ ಪೆಟ್ರೋಲಿನಲ್ಲಿ ಹೋಗಿರುತ್ತದೆ. ಈ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಿದರೆ, "ಪೆಟ್ರೋಲ್ ಬೇರೆ ಹೆಡ್ಡು, ಸೋಪ್ ಬೇರೆ ಹೆಡ್ಡು. ಎರಡನ್ನೂ ಮಿಕ್ಸ್ ಮಾಡಬಾರದು" ಎನ್ನುತ್ತಾರೆ. ಸೇನೆಯಲ್ಲಿ ಕಲಿತ ಲೆಕ್ಕಪತ್ರ, ವಾದಿಸಿ ಗೆದ್ದವರಿಲ್ಲ.

ನಮ್ಮವರು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಪೆರೇಡು ಬಿಟ್ಟರು, ಬೂಟು ಪಾಲಿಶು ಬಿಟ್ಟರು, ಕ್ಯಾಂಟೀನು ಮಾತ್ರ ಬಿಡಲಿಲ್ಲ. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ನಮ್ಮಂಥ ಮನೆಗಳಲ್ಲಿ ತಿಂಗಳ ಪಂಚಾಂಗವನ್ನೇ ನಿರ್ಧರಿಸುತ್ತದೆ: ಸ್ಟಾಕ್ ಬಂದ ದಿನ ಹಬ್ಬ, ಸ್ಟಾಕ್ ಎಣಿಸುವ ದಿನ ಅಮಾವಾಸ್ಯೆ. ಟೂತ್‌ಪೇಸ್ಟಿನಿಂದ ಹಿಡಿದು ಮಿಕ್ಸಿ, ಟ್ರಾಲಿ ಬ್ಯಾಗು, ಅರ್ಜಿ ಹಾಕಿದರೆ ಕಾರು ಕೂಡ ಅಲ್ಲಿ ಸಿಗುತ್ತದೆ. ಜಿಎಸ್‌ಟಿಯಲ್ಲಿ ಅರ್ಧವನ್ನು ಸರ್ಕಾರ ಬಿಟ್ಟುಕೊಡುವುದರಿಂದ ಬೆಲೆಯೂ ಹೊರಗಿಗಿಂತ ಕಡಿಮೆ. ರಮ್ಮಿನ ವಿಷಯ ಬೇರೆ. ನಮ್ಮವರು ಕುಡಿಯುವುದಿಲ್ಲ, ಆದರೆ ಕೋಟಾ ಬಿಡುವುದಿಲ್ಲ. ಹಕ್ಕಿನ ಕೋಟಾ ಲ್ಯಾಪ್ಸ್ ಆಗುವುದೆಂದರೆ ಅವರ ಪಾಲಿಗೆ ಗಡಿಯಲ್ಲಿ ಒಂದು ಚೌಕಿ ಬಿಟ್ಟುಕೊಟ್ಟಂತೆ. ಬಾಟಲಿಗಳು ಬೀರುವಿನಲ್ಲಿ ಶಿಸ್ತಾಗಿ ಸಾಲು ನಿಂತಿರುತ್ತವೆ. ನಮ್ಮ ಕಡೆಯ ಭಾವಮೈದುನರೂ ಅಷ್ಟೇ ಶಿಸ್ತಾಗಿ ಬರುತ್ತಿರುತ್ತಾರೆ.

ಇಷ್ಟೆಲ್ಲ ಸಿಗುವ ಕ್ಯಾಂಟೀನಿನ ಕೌಂಟರಿನಲ್ಲಿ ಇಂಟರ್ನೆಟ್ ಮಾತ್ರ ಸಿಗುವುದಿಲ್ಲ. ನಮ್ಮ ಮನೆಯ ಶಾಂತಿ ಕದಡಿದ್ದು ಆ ಒಂದು ಕೊರತೆಯಿಂದ.

ಮನೆಗೆ ಇಂಟರ್ನೆಟ್ ಯಾಕೆ ಬೇಕಾಯಿತೆಂದರೆ, ಮೊದಲನೆಯದಾಗಿ ನಮ್ಮವರು ಬದುಕಿದ್ದಾರೆಂದು ಸಾಬೀತು ಮಾಡಲು. ಹಿಂದೆ ನವೆಂಬರ್ ಬಂತೆಂದರೆ ಪಿಂಚಣಿಗಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ ಮ್ಯಾನೇಜರ ಎದುರು ನೆಟ್ಟಗೆ ನಿಲ್ಲುತ್ತಿದ್ದರು. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಜೀವ ಇದೆ ಎಂದು ಸಹಿ ಹಾಕಿ, ಕಾಫಿ ತರಿಸುತ್ತಿದ್ದರು. 2014ರಲ್ಲಿ ಬದುಕಿರುವುದನ್ನು ಆನ್‌ಲೈನಿನಲ್ಲೇ ತೋರಿಸುವ ಜೀವನ್ ಪ್ರಮಾಣ್ ಬಂತು. ಆಮೇಲೆ ಮಿಲಿಟರಿ ಪಿಂಚಣಿಗೆಂದೇ ಸ್ಪರ್ಶ್ ಪೋರ್ಟಲ್ ಬಂತು. ಮನೆಯಲ್ಲೇ ಕೂತು ಬದುಕಬಹುದು ಎಂದರು. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಪಾಚಿ ಕಟ್ಟಿದ ಮೆಟ್ಟಿಲು ಹತ್ತಿ, ಕೊಡೆ ಹಿಡಿದು, ಒಟಿಪಿಗೆ ಕಾಯುತ್ತಾ ನಿಲ್ಲುವ ಅವರನ್ನು ನೋಡಿದಾಗೆಲ್ಲ ನನಗೆ ಒಂದೇ ಭಯ: ಬದುಕಿದ್ದೇನೆಂದು ತೋರಿಸಲು ಹೋಗಿ ಜಾರಿ ಬಿದ್ದರೆ ಬೇರೆ ಪ್ರಮಾಣಪತ್ರವನ್ನೇ ಮಾಡಿಸಬೇಕಾದೀತು.

ಎರಡನೆಯ ಕಾರಣ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮನೆಯಿಂದಲೇ ಕೆಲಸ ಮಾಡಬಹುದಂತೆ, ಆದರೆ ಆ ಮನೆ ನಮ್ಮದಾಗಬಾರದು. "ಅಮ್ಮಾ, ನೆಟ್ ಹಾಕಿಸಿ, ತಿಂಗಳಿಗೊಂದು ವಾರ ಬಂದಿರ್ತೀನಿ" ಎನ್ನುತ್ತಾಳೆ. ವೈಫೈ ಇಲ್ಲದ ತವರಿಗೆ ಈಗಿನ ಹೆಣ್ಣುಮಕ್ಕಳು ಬರುವುದು ಗೌರಿಹಬ್ಬಕ್ಕೆ ಮಾತ್ರ.

ಮೂರನೆಯ ಕಾರಣ ನಾನು. ಸಾರು ಕುದಿಯುವಾಗ ಎದುರಿಗೆ ಫೋನಿಟ್ಟುಕೊಂಡು ತಪ್ಪಿಹೋದ ಸೀರಿಯಲ್ ನೋಡಬೇಕೆಂಬುದು ನನ್ನ ಆಸೆ. ಮನೆಯ ಸಭೆಯಲ್ಲಿ ಈ ಕಾರಣ ದಾಖಲಾಗಲಿಲ್ಲ.

"ಸರಿ, ಬ್ರಾಡ್‌ಬ್ಯಾಂಡ್ ಹಾಕಿಸೋಣ" ಎಂದರು ನಮ್ಮವರು. ಬೇರೆ ಗಂಡಸರಾದರೆ ಪಕ್ಕದ ಮನೆಯಲ್ಲಿ ಯಾವುದು ಇದೆ ಎಂದು ಕೇಳಿ ಅದನ್ನೇ ಹಾಕಿಸುತ್ತಿದ್ದರು. ಇವರು ಉದ್ದನೆಯ ನೋಟ್‌ಬುಕ್ಕು ತೆಗೆದು, ಸ್ಕೇಲಿಟ್ಟು ಗೆರೆ ಎಳೆದರು. ಕಂಪನಿ, ಸ್ಪೀಡು, ದರ, ಜಿಎಸ್‌ಟಿ, ಷರತ್ತು ಎಂದು ಕಾಲಂಗಳಾದವು. ಎಲ್ಲಕ್ಕಿಂತ ಅಗಲವಾದ ಕಾಲಂ ಕೊನೆಯದು: "ಸೈನಿಕರಿಗೆ ವಿಶೇಷ."

ಮೊದಲ ದಾಳಿ ಒಂದು ದೊಡ್ಡ ಖಾಸಗಿ ಕಂಪನಿಯ ಮೇಲೆ. ತಾರಸಿಯಿಂದಲೇ ಫೋನು. ಒಂದು ಒತ್ತಿ, ಎರಡು ಒತ್ತಿ ಎಂಬ ಯಂತ್ರದ ಆಜ್ಞೆಗಳನ್ನು ಇವರು ಅಟೆನ್ಶನ್‌ನಲ್ಲಿ ನಿಂತು ಪಾಲಿಸಿದರು. ಕಡೆಗೊಂದು ಹುಡುಗಿಯ ದನಿ ಬಂತು. ತಿಂಗಳಿಗೆ 499, ಮೇಲೆ ಜಿಎಸ್‌ಟಿ, ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಪುಕ್ಕಟೆ ಎಂದು ಪಾಠ ಒಪ್ಪಿಸಿದಳು.

"ಅದೆಲ್ಲ ಇರಲಿ, ಮಾಜಿ ಸೈನಿಕರಿಗೆ ಏನಿದೆ?"

"ಸರ್, ನಮ್ಮಲ್ಲಿ ಎಲ್ಲ ಗ್ರಾಹಕರೂ ಸಮಾನರು."

ಫೋನಿಟ್ಟು ಕೆಳಗೆ ಬಂದವರ ಮುಖ ನೋಡಬೇಕಿತ್ತು. "ಎಲ್ಲರೂ ಸಮಾನರಂತೆ!" ಯಾವ ಪ್ರಜಾಪ್ರಭುತ್ವವನ್ನು ಕಾಯುವುದಕ್ಕೆ ಲಡಾಖಿನ ಚಳಿಯಲ್ಲಿ ಮೂಗಿನ ತುದಿ ಮರಗಟ್ಟಿಸಿಕೊಂಡು ನಿಂತಿದ್ದರೋ, ಅದೇ ಪ್ರಜಾಪ್ರಭುತ್ವ ಒಂದು ಕಾಲ್ ಸೆಂಟರಿನಿಂದ ಹೀಗೆ ತಿರುಗಿ ಬಿದ್ದೀತೆಂದು ಅವರು ಎಣಿಸಿರಲಿಲ್ಲ.

ಎರಡನೆಯದು ಸರ್ಕಾರಿ ಕಂಪನಿ. ಇಲ್ಲಿ ಫೋನಿನ ಮಾತಿಲ್ಲ, ಖುದ್ದು ಹಾಜರಿ. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶದ ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಎಲ್ಲದರ ಜೆರಾಕ್ಸು, ಜೆರಾಕ್ಸಿನ ಮೇಲೆ ಸಹಿ. ಇಷ್ಟನ್ನೂ ಫೈಲಿನಲ್ಲಿ ಹಾಕಿಕೊಂಡು ಹೊರಟವರಿಗೆ ಅಲ್ಲಿನ ಗುಮಾಸ್ತರು ಕುರ್ಚಿ ಕೊಟ್ಟು, "ಸರ್ಕಾರಿ ಸೇವೆಯಲ್ಲಿ ಇರೋರಿಗೆ, ರಿಟೈರ್ ಆದೋರಿಗೆ ಹತ್ತು ಪರ್ಸೆಂಟ್ ಬಿಡ್ತೀವಿ ಸಾರ್, ನಿಮಗೂ ಬರುತ್ತೆ" ಎಂದರು. ನಮ್ಮವರ ಎದೆ ಅರಳಿತು. ಅರಳಿದ್ದು ಅರ್ಧ ನಿಮಿಷ. ಅಷ್ಟರಲ್ಲಿ ಹಿಂದೆ ಕ್ಯೂನಲ್ಲಿದ್ದ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, "ನನಗೂ ಹತ್ತು ಬಂತು ಸುಬೇದಾರ್ರೇ" ಎಂದರು. ಮನೆಗೆ ಬಂದು ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನಲ್ಲಿ ಇವರು ಬರೆದದ್ದು: "10%. ಆದರೆ ಮೇಷ್ಟ್ರಿಗೂ ಇದೆ."

ಸೈನಿಕರಿಗೆಂದೇ ಇರುವ ರಿಯಾಯಿತಿ ಇಲ್ಲವೇ ಇಲ್ಲವೆಂದಲ್ಲ. ಲ್ಯಾಂಡ್‌ಲೈನ್ ಕಾಲದಿಂದಲೂ ಶೌರ್ಯ ಪ್ರಶಸ್ತಿ ಪಡೆದವರಿಗೆ, ಯುದ್ಧದಲ್ಲಿ ಅಂಗ ಊನವಾದ ಯೋಧರಿಗೆ, ಹುತಾತ್ಮರ ಪತ್ನಿಯರಿಗೆ ದೂರವಾಣಿಯಲ್ಲಿ ವಿಶೇಷ ಸವಲತ್ತುಗಳಿವೆ. ಗುಮಾಸ್ತರು ಆ ಪಟ್ಟಿಯನ್ನೂ ತೋರಿಸಿದರಂತೆ. ಇವರು ಓದಿ, ಮಡಚಿ, ವಾಪಸು ಕೊಟ್ಟು ಬಂದರು. ಅದರ ಬಗ್ಗೆ ನೋಟ್‌ಬುಕ್ಕಿನಲ್ಲಿ ಒಂದಕ್ಷರ ಬರೆಯಲಿಲ್ಲ. ಆ ಪಟ್ಟಿಯಲ್ಲಿ ಹೆಸರಿಲ್ಲದಿರುವುದೇ ನಮ್ಮ ಮನೆಗೆ ಸಿಕ್ಕ ದೊಡ್ಡ ರಿಯಾಯಿತಿ ಎಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಆ ರಾತ್ರಿ ಊಟದಲ್ಲಿ ಅವರಿಗೆ ಒಂದು ಹಪ್ಪಳ ಹೆಚ್ಚಿಗೆ ಬಿತ್ತು, ಅಷ್ಟೆ.

ಮೂರನೆಯವನು ಊರಿನ ಕೇಬಲ್ ಹುಡುಗ. ಇವನಿಗೆ ಕಾಲ್ ಸೆಂಟರಿಲ್ಲ, ಕೌಂಟರಿಲ್ಲ. ಬೈಕಿದೆ, ಹೆಗಲಿಗೆ ತಂತಿಯ ಸುರುಳಿ ಇದೆ. ಗೇಟಿನಲ್ಲೇ ಸೆಲ್ಯೂಟ್ ಹೊಡೆದ. "ಸಾರ್, ಎಲ್ಲರಿಗೂ ಆರ್ನೂರು. ನೀವು ದೇಶ ಕಾದೋರು, ನಿಮಗೆ ಐನೂರು." ನಮ್ಮವರು ಒಳಗೆ ತಿರುಗಿ, "ಇವನಿಗೆ ಕಾಫಿ ಕೊಡೇ" ಎಂದರು. ಅಷ್ಟು ದೊಡ್ಡ ದನಿಯಲ್ಲಿ ಅವರು ನನ್ನ ತಮ್ಮನಿಗೂ ಕಾಫಿ ಹೇಳಿದ್ದಿಲ್ಲ. ಸಂಜೆ ಬೇಲಿಯ ಹತ್ತಿರ ಮೇಷ್ಟ್ರ ಹೆಂಡತಿ ಸಿಕ್ಕರು. "ಆ ಹುಡುಗ ಒಳ್ಳೆಯವನು ಕಣ್ರೀ. ವಿದ್ಯೆ ಕೊಟ್ಟ ಗುರುಗಳು ನೀವು, ನಿಮಗೆ ಐನೂರು ಸಾಕು ಅಂದ" ಎಂದರು. ವಿಚಾರಿಸಿದರೆ, ಮೂಲೆ ಮನೆಯ ಡಾಕ್ಟರಿಗೆ ಜೀವ ಉಳಿಸುವವರೆಂದು ಐನೂರು, ಅಂಗಡಿ ಶೆಟ್ಟರಿಗೆ ಅನ್ನದಾತರೆಂದು ಐನೂರು. ಆರ್ನೂರು ಕೊಡುವ ಪಾಪಿ ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ವ್ಯಾಪಾರದ ಮರ್ಮವನ್ನು ಆ ಹುಡುಗನಷ್ಟು ಬಲ್ಲವರು ಕಡಿಮೆ: ಬೆಲೆ ಎಲ್ಲರಿಗೂ ಒಂದೇ ಇಡು, ಕಾರಣ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕೊಡು. ಈ ಸುದ್ದಿಯನ್ನು ನಾನು ನಮ್ಮವರಿಗೆ ಮುಟ್ಟಿಸಲಿಲ್ಲ. ಕಾಫಿ ಕೊಟ್ಟಾಗಿತ್ತು.

ಆದರೆ ಸಿಗ್ನಲ್ಸ್‌ನವರನ್ನು ಸೆಲ್ಯೂಟಿನಿಂದ ಗೆಲ್ಲಬಹುದೇ ಹೊರತು ತಂತಿಯ ವಿಷಯದಲ್ಲಿ ಏಮಾರಿಸಲಾಗದು. 1911ರ ಫೆಬ್ರವರಿ 15ರಂದು ಹುಟ್ಟಿದ ಕೋರು ಅದು. "ತೀವ್ರ ಚೌಕಸ್" ಅದರ ಧ್ಯೇಯವಾಕ್ಯ. ಜಬಲ್‌ಪುರದಲ್ಲಿ ಟ್ರೈನಿಂಗು ಮಾಡಿ, ಗುಡ್ಡದಿಂದ ಗುಡ್ಡಕ್ಕೆ ಲೈನು ಎಳೆದವರು ಇವರು. "ಹಂಡ್ರೆಡ್ ಎಂಬಿಪಿಎಸ್ ಸಾರ್, ಬೆಂಕಿ!" ಎಂದು ಹುಡುಗ ಹೇಳಿದ್ದೇ ತಡ, ಪೆನ್ನು ತೆಗೆದರು.

"ಅದು ಬಿಟ್ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟ್. ನೂರನ್ನ ಎಂಟರಿಂದ ಭಾಗಿಸು. ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂದರೆ ದೊಡ್ಡದು."

"ಅಷ್ಟು ಬಂದ್ರೂ ಬೆಂಕೀನೇ ಸಾರ್."

"ಒಂದು ಫೈಬರನ್ನ ಎಷ್ಟು ಮನೆಗೆ ಹಂಚ್ತೀಯ? ಸ್ಪ್ಲಿಟರ್ ಮೂವತ್ತೆರಡರದ್ದೋ ಅರವತ್ನಾಲ್ಕರದ್ದೋ?"

ಹುಡುಗ ಕಾಫಿ ಲೋಟ ಕೆಳಗಿಟ್ಟ. "ಸಾರ್, ನೀವು ಕಂಪ್ನಿಯವ್ರಾ?"

ಆಗ ನನಗೆ ತಿಳಿದದ್ದು ಇಷ್ಟು. ಊರಿಗೆ ಬರುವ ಒಂದು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಇಳಿದು ಬರುತ್ತದೆ; ಅದನ್ನು ಡಬ್ಬಿಯಲ್ಲಿ ಸೀಳಿ ಮೂವತ್ತೆರಡೋ ಅರವತ್ನಾಲ್ಕೋ ಮನೆಗೆ ಹಂಚುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಎಳೆದರೆ ಎಲ್ಲರ ಪಾಲೂ ಸಣ್ಣದಾಗುತ್ತದೆ. ಕ್ರಿಕೆಟ್ ಫೈನಲ್ ದಿನ ಬೌಲರ್ ಓಡಿ ಬಂದವನು ಕೈ ಎತ್ತಿಕೊಂಡೇ ನಿಂತುಬಿಡುವುದು ಹೀಗೆ ಹಂಚುವಲ್ಲಿ ಕೈ ಉದ್ದ ಮಾಡಿದಾಗ. ಸರ್ಕಾರದ ಪ್ರಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಎಷ್ಟು ವೇಗ ಸಾಕು ಎಂದೂ ನಮ್ಮವರು ಹುಡುಕಿಟ್ಟಿದ್ದರು. 2004ರ ನೀತಿಯಲ್ಲಿ 256 ಕೆಬಿಪಿಎಸ್, 2013ರಿಂದ 512, 2023ರ ಜನವರಿಯಿಂದ 2 ಎಂಬಿಪಿಎಸ್. ನಿಮಿಷಕ್ಕೆ ಹದಿನೆಂಟು-ಇಪ್ಪತ್ತು ಪದ ಮೋರ್ಸಿನಲ್ಲಿ ಬಡಿದವರಿಗೆ ಇದೆಲ್ಲ ಐಷಾರಾಮವೇ. "ಇಷ್ಟು ಸ್ಪೀಡಲ್ಲಿ ಕಳಿಸೋಕೆ ಜನರ ಹತ್ರ ಅಷ್ಟು ವಿಷಯ ಎಲ್ಲಿದೆ?" ಎಂದು ಅವರ ಆಶ್ಚರ್ಯ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ಬರುವ ಗುಡ್ ಮಾರ್ನಿಂಗ್ ಹೂವುಗಳನ್ನು ನೋಡಿದರೆ ಆ ಪ್ರಶ್ನೆ ನ್ಯಾಯವಾದದ್ದೇ.

ಆಮೇಲೆ ಮನೆಯೊಳಗಿನ ರೇಕಿ. ರೂಟರ್ ಎಲ್ಲಿಡಬೇಕೆಂದು ಮನೆಯ ನಕ್ಷೆ ಬರೆದು, ಗೋಡೆಗಳಿಗೆ ದಪ್ಪ ಗೆರೆ, ಬಾಗಿಲಿಗೆ ತೆಳು ಗೆರೆ ಹಾಕಿದರು. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ; 5 ಗಿಗಾಹರ್ಟ್ಸ್ ಚುರುಕು, ಆದರೆ ಎರಡು ಗೋಡೆಗೆ ಸುಸ್ತು. ಇದನ್ನೆಲ್ಲ ವಿವರಿಸಿ, ಮೆಡಲುಗಳಿರುವ ಶೋಕೇಸಿನ ಮೇಲೆ ರೂಟರಿಗೆ ಜಾಗ ಗೊತ್ತುಮಾಡಿದರು. ಅಡುಗೆಮನೆಯ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆಗಳು ಬಿದ್ದಿದ್ದವು.

"ಇದೇನ್ರೀ ಇಲ್ಲಿ?"

"ಡೆಡ್ ಗ್ರೌಂಡ್. ಸಿಗ್ನಲ್ ತಲುಪಲ್ಲ. ಆದರೆ ಅಲ್ಲಿಂದ ಆಪರೇಷನ್ ಏನೂ ಇಲ್ವಲ್ಲ."

ಈ ಮನೆಯಲ್ಲಿ ಬೆಳಗಿನ ಐದೂವರೆಯಿಂದ ನಡೆಯುವ ಏಕೈಕ ಆಪರೇಷನ್ ಅಲ್ಲಿಯೇ ನಡೆಯುತ್ತದೆ ಎಂದು ನಾನು ತಿಳಿಸಿದೆ. ಮಾರನೆಯ ದಿನ ತಿಂಡಿ ತಡವಾಯಿತು. ರೂಟರು ನಡುಮನೆಗೆ ಸ್ಥಳಾಂತರಗೊಂಡಿತು.

ಕೊಡಗಿನ ಮಳೆಗಾಲ ಕಂಡವರಿಗೆ ಇನ್ನೊಂದು ಪ್ರಶ್ನೆ ಏಳಲೇಬೇಕು: ಕರೆಂಟ್ ಹೋದಾಗ? ಹಳೆಯ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯೆಲ್ಲ ಕತ್ತಲಾದರೂ ಫೋನು ಟ್ರಿಣ್ ಎನ್ನುತ್ತಿತ್ತು. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಅದು ಕರೆಂಟು ಹೊರುವುದಿಲ್ಲ. ಮನೆಯ ಡಬ್ಬಿಗೆ ಮನೆಯದೇ ಕರೆಂಟು ಬೇಕು. ಹಾಗಾಗಿ ಬ್ಯಾಟರಿ ಇರುವ ಸಣ್ಣ ಯುಪಿಎಸ್ ಒಂದು ಖರ್ಚು. ಅದರ ಮೇಲೆ, ಕಂಬದಿಂದ ಸಿಲ್ವರ್ ಓಕಿಗೆ, ಸಿಲ್ವರ್ ಓಕಿನಿಂದ ಇನ್ನೊಂದು ಸಿಲ್ವರ್ ಓಕಿಗೆ ಕಟ್ಟಿಕೊಂಡು ಬರುವ ಕೇಬಲ್ಲು. ಆಷಾಢದ ಗಾಳಿಗೆ ಒಂದು ರೆಂಬೆ ಬಿದ್ದರೆ ಡಬ್ಬಿಯಲ್ಲಿ ಕೆಂಪು ದೀಪ. ರೆಂಬೆ ಬೀಳದಿದ್ದರೆ ಕೋತಿಗಳಿವೆ. ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ 2018ರ ಆಗಸ್ಟನ್ನು ಕಂಡವಳು ನಾನು. ಹತ್ತು ಪರ್ಸೆಂಟಿಗಿಂತ, ಲೈನು ಹೋದಾಗ ಮಳೆಯಲ್ಲಿ ಏಣಿ ಹೊತ್ತುಕೊಂಡು ಯಾರು ಬರುತ್ತಾರೆ ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನೋಟ್‌ಬುಕ್ಕಿನಲ್ಲಿ ಕಾಲಮ್ಮಿರಲಿಲ್ಲ.

ಅಮೆರಿಕದಲ್ಲಿರುವ ನಮ್ಮಕ್ಕನ ಮಗ ಇದೇ ಹೊತ್ತಿಗೆ ಫೋನು ಮಾಡಿದ. ಅವನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ, ಸುತ್ತ ಮಿಲಿಟರಿ ನೆಲೆಗಳಿರುವ ಊರು. ಅಲ್ಲಿ ಹೋಟೆಲು, ಹಾರ್ಡ್‌ವೇರ್ ಅಂಗಡಿ, ಇಂಟರ್ನೆಟ್ ಕಂಪನಿ, ಎಲ್ಲ ಕಡೆ ಮಿಲಿಟರಿ ಡಿಸ್ಕೌಂಟು ಕೇಳಿ ಪಡೆಯುವುದು ಮಾಮೂಲಂತೆ. ನವೆಂಬರ್ 11ರ ವೆಟರನ್ಸ್ ಡೇ ದಿನ ಪುಕ್ಕಟೆ ಊಟ ಹಾಕುವ ಹೋಟೆಲುಗಳೂ ಉಂಟಂತೆ. ನಮ್ಮವರು ಕುರ್ಚಿಯಿಂದ ಅರ್ಧ ಎದ್ದರು. ಆದರೆ ಅವನು ಹೇಳಿದ ಇನ್ನೊಂದು ಸಂಗತಿ ನನ್ನ ಕಿವಿ ನೆಟ್ಟಗೆ ಮಾಡಿತು. ಅಲ್ಲಿ 2003ರ ಒಂದು ಕಾಯ್ದೆ ಇದೆ, ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆ್ಯಕ್ಟ್ ಎಂದು. ಸೈನಿಕನಿಗೆ 90 ದಿನ ಅಥವಾ ಹೆಚ್ಚಿಗೆ ಬೇರೆ ಕಡೆ ಹೋಗುವ ಆದೇಶ ಬಂದು, ಅಲ್ಲಿ ಆ ಕಂಪನಿಯ ಸೇವೆ ಇಲ್ಲದಿದ್ದರೆ, ಫೋನಿನ ಕರಾರನ್ನು ದಂಡವಿಲ್ಲದೆ ಮುರಿಯಬಹುದು. 2018ರಲ್ಲಿ ತಿದ್ದುಪಡಿ ಮಾಡಿ ಮನೆಯ ಇಂಟರ್ನೆಟ್ಟನ್ನೂ ಅದಕ್ಕೆ ಸೇರಿಸಿದರು.

ಆ ಕಾಯ್ದೆ ಬರೆದವರ ಪೈಕಿ ಯಾರೋ ಒಬ್ಬರು ಸೈನಿಕನ ಹೆಂಡತಿಯನ್ನು ವಿಚಾರಿಸಿರಬೇಕು. ಸಂಸಾರ ಹೂಡಿ, ಹಾಲಿನವನನ್ನು ಗೊತ್ತುಮಾಡಿ, ಗ್ಯಾಸಿನ ಕಾಗದ ವರ್ಗಾಯಿಸಿ, ಕರಿಬೇವಿನ ಗಿಡ ನೆಟ್ಟು, ಅದು ನಾಲ್ಕು ಎಲೆ ಬಿಡುವಷ್ಟರಲ್ಲಿ ಪೋಸ್ಟಿಂಗ್ ಆರ್ಡರ್ ಬರುತ್ತದೆ. ಅಂಬಾಲದಲ್ಲಿ ಕಟ್ಟಿದ ಡಿಪಾಸಿಟ್ಟು ಅಂಬಾಲದಲ್ಲೇ ಉಳಿಯುತ್ತದೆ. ಅಂಥವರಿಗೆ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಬಿಟ್ಟು, ವರ್ಷದ ದುಡ್ಡು ಮುಂಗಡ ಕಟ್ಟಿಸಿಕೊಂಡರೆ ಬಿಟ್ಟದ್ದು ಏನು ಬಂತು? ಹೊರಡುವಾಗ ತಕರಾರಿಲ್ಲದೆ ಬಿಟ್ಟುಬಿಡುವುದೇ ಸೇವೆಯಲ್ಲಿರುವವರಿಗೆ ಕೊಡಬಹುದಾದ ನಿಜವಾದ ರಿಯಾಯಿತಿ. ಈಗ ಸೇವೆಯಲ್ಲಿರುವ ನಮ್ಮ ನೆಂಟರ ಹುಡುಗರಿಗೆಲ್ಲ ನಾನು ಹೇಳುವುದು ಇದನ್ನೇ: ದರ ಕೇಳುವ ಮೊದಲು, ಬಿಟ್ಟುಹೋಗುವ ದಾರಿ ಯಾವುದೆಂದು ಕೇಳಿ.

ಪೋಸ್ಟಿಂಗಿನ ಮಾತು ಬಂದಾಗ ಹಳೆಯ ಫೋನುಗಳೂ ನೆನಪಾಗುತ್ತವೆ. ಆಗ ನಮಗೆ ಗಂಡನ ಊರು ಗೊತ್ತಿರುತ್ತಿರಲಿಲ್ಲ; 56 ಎಪಿಒ ಅಥವಾ 99 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ನಂಬರಷ್ಟೇ ವಿಳಾಸ. ಇಡೀ ಬ್ರಿಗೇಡಿಗೆ ಲೈನು ಎಳೆದು ಕೊಡುವ ಮನುಷ್ಯನಿಗೆ ಹೆಂಡತಿಯೊಡನೆ ಮಾತಾಡಲು ಲೈನು ಸಿಗುತ್ತಿರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಹೊತ್ತು ದರ ಇಳಿಯುತ್ತಿತ್ತು; ಹಾಗಾಗಿ ನಮ್ಮ ದಾಂಪತ್ಯದ ಮುಖ್ಯ ಮಾತುಕತೆಗಳೆಲ್ಲ ನಿದ್ದೆಗಣ್ಣಿನಲ್ಲಿ ನಡೆದವು. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದರೆ ಜಗಳ ಕೂಡ ಚುಟುಕಾಗಿ ಮುಗಿಯುತ್ತಿತ್ತು. ಈಗ ಅನಿಯಮಿತ ಕರೆ ಬಂದು ಜಗಳಕ್ಕೆ ಮಿತಿಯೇ ಇಲ್ಲದಂತಾಗಿದೆ.

ಇಷ್ಟರಲ್ಲಿ ನಾಲ್ಕನೆಯ ಆಫರೊಂದು ತಾನಾಗಿಯೇ ವಾಟ್ಸ್ಆ್ಯಪಿನಲ್ಲಿ ಬಂತು. ತ್ರಿವರ್ಣ ಧ್ವಜ, ಟ್ಯಾಂಕಿನ ಚಿತ್ರ, "ವೀರ ಯೋಧರಿಗೆ ಶೇ. 70 ರಿಯಾಯಿತಿ, ಈ ಲಿಂಕ್ ಒತ್ತಿ." ನಮ್ಮವರ ಬೆರಳು ಲಿಂಕಿನ ಮೇಲೆ ಹೋದದ್ದನ್ನು, ತಾರಸಿಯಲ್ಲಿ ನನ್ನ ಫೋನಿನ ವೀಡಿಯೊ ಕಾಲಿನಲ್ಲಿದ್ದ ಮಗಳು ಕಂಡು ಕೂಗಿಕೊಂಡಳು. ಮೋಸಗಾರರಿಗೆ ಮಿಲಿಟರಿ ವೇಷವೆಂದರೆ ಪ್ರೀತಿ. ನಕಲಿ ಸೇನಾ ಗುರುತಿನ ಚೀಟಿ ತೋರಿಸಿ, ಹಳೆಯ ಸ್ಕೂಟರು, ಸೋಫಾ ಮಾರುತ್ತೇನೆಂದು ಆನ್‌ಲೈನಿನಲ್ಲಿ ಜನರಿಗೆ ಟೋಪಿ ಹಾಕಿದ ಪ್ರಕರಣಗಳು ಬೇಕಾದಷ್ಟಿವೆ. ಅಂಥದಕ್ಕೆಂದೇ 1930 ಸಹಾಯವಾಣಿ ಇದೆ. ಯೋಚಿಸಿ ನೋಡಿ, ಕಳ್ಳ ತಾನು ಮೇಜರ್ ಎಂದರೆ ಊರೇ ನಂಬುತ್ತದೆ. ನಿಜವಾದ ಸುಬೇದಾರರು ಅರುವತ್ತು ರೂಪಾಯಿ ರಿಯಾಯಿತಿಗಾಗಿ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸಿಗೆ ಸಹಿ ಹಾಕಬೇಕು.

ಅರುವತ್ತು ರೂಪಾಯಿ ಎಂದೆನಲ್ಲ, ಅದರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸ್ಪ್ಲಿಟರ್ ಪ್ರಶ್ನೆಗೆ ಉತ್ತರ ಕೊಡದ ಕೇಬಲ್ ಹುಡುಗ ಈ ಲೆಕ್ಕದಿಂದ ಆಚೆ. ಹತ್ತು ಪರ್ಸೆಂಟ್ ಸಿಗುವ ಪ್ಲಾನಿನ ದರ 599. ಹತ್ತು ಕಳೆದರೆ 539 ರೂಪಾಯಿ 10 ಪೈಸೆ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 636 ರೂಪಾಯಿ 14 ಪೈಸೆ. ಎಲ್ಲ ಗ್ರಾಹಕರೂ ಸಮಾನರೆಂದ ಕಂಪನಿಯದು 499. ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ. ಸ್ಪೀಡು ಎರಡಕ್ಕೂ ಒಂದೇ. ರಿಯಾಯಿತಿ ಇಲ್ಲದ್ದು ರಿಯಾಯಿತಿ ಇರುವುದಕ್ಕಿಂತ ತಿಂಗಳಿಗೆ 47 ರೂಪಾಯಿ 32 ಪೈಸೆ ಅಗ್ಗ. ನಾನಿದನ್ನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದು ತೋರಿಸಿದೆ. ಅವರು ಕೂಡಿ, ಕಳೆದು, ತಾಳೆ ನೋಡಿ, "ಲೆಕ್ಕ ಸರಿ ಇದೆ" ಎಂದರು.

"ಹಾಗಾದ್ರೆ ಇದನ್ನೇ ಹಾಕಿಸೋಣ?"

"ಅದ್ಹೇಗೆ ಆಗುತ್ತೆ? ಅವರು ಏನೂ ಬಿಟ್ಟಿಲ್ವಲ್ಲ!"

ಮದುವೆಯಾದಂದಿನಿಂದ ಸೋಪಿನಲ್ಲೂ ಮಿಕ್ಸಿಯಲ್ಲೂ ರಮ್ಮಿನಲ್ಲೂ ಹುಡುಕಿ ಸಿಗದಿದ್ದ ಉತ್ತರ ನನಗೆ ಆಗ ಸಿಕ್ಕಿತು. ನಮ್ಮವರಿಗೆ ಬೇಕಾದದ್ದು ಅಗ್ಗದ ಬೆಲೆಯಲ್ಲ, ತಗ್ಗಿಸಿದ ಬೆಲೆ. ಯಾರೋ ಒಬ್ಬರು ಕೌಂಟರಿನ ಆಚೆಯಿಂದ ತಲೆಯೆತ್ತಿ, "ಓಹ್, ಮಿಲಿಟರಿಯವ್ರಾ?" ಎಂದು ಕೇಳಿ, ಪೆನ್ನಿನಿಂದ ಒಂದು ಅಂಕಿ ಹೊಡೆದು ಅದಕ್ಕಿಂತ ಸಣ್ಣದೊಂದು ಅಂಕಿ ಬರೆಯಬೇಕು. ಆ ಗೀಟು ಎಳೆಯುವ ಕ್ಷಣದ ಬೆಲೆಯೇ 47 ರೂಪಾಯಿ 32 ಪೈಸೆ. ಯೂನಿಫಾರ್ಮಿನಲ್ಲಿದ್ದಾಗ ದಿನಕ್ಕೆ ಲೆಕ್ಕವಿಲ್ಲದಷ್ಟು ಸೆಲ್ಯೂಟು ಕೊಟ್ಟು, ಲೆಕ್ಕವಿಲ್ಲದಷ್ಟು "ರಾಮ್ ರಾಮ್ ಸಾಬ್" ಕೇಳಿದವರು. ಪ್ಯಾಂಟು, ಬನಿಯನ್ನಿನಲ್ಲಿ ತರಕಾರಿ ತರಲು ಹೋದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಗೊತ್ತಾಗಲಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಜಾಯಮಾನವೂ ಅವರದಲ್ಲ. ರಿಯಾಯಿತಿ ಕೇಳುವ ನೆಪದಲ್ಲಿ ಮಾತ್ರ ಅದನ್ನು ಸಂಕೋಚವಿಲ್ಲದೆ ಹೇಳಬಹುದು. ಕೇಬಲ್ ಹುಡುಗನಿಗೆ ಇದು ಗೇಟಿನಲ್ಲೇ ತಿಳಿದಿತ್ತು. ನನಗೆ ಇಷ್ಟು ಕಾಲ ಬೇಕಾಯಿತು.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಖಾಸಗಿ ಕಂಪನಿಯ ಹುಡುಗ ಅರ್ಜಿ ತುಂಬಲು ಬಂದು, "ಯಾರ ಹೆಸರಿಗೆ?" ಎಂದಾಗ ನನ್ನ ಆಧಾರ್ ಕಾರ್ಡು ಮುಂದಿಟ್ಟೆ. ನಮ್ಮವರು ಪೇಪರಿನ ಮರೆಯಿಂದ ನೋಡಿದರು. ಒಂದು ಕ್ಷಣ ಯೋಚಿಸಿದರು. ಆಮೇಲೆ ಮುಖ ಸಡಿಲವಾಯಿತು.

"ಸರಿ ಬಿಡು. ನೀನು ಸಿವಿಲಿಯನ್. ಸಿವಿಲ್ ರೇಟಿಗೆ ತಗೊಂಡ್ರೆ ನಿನಗೇನೂ ಅವಮಾನ ಇಲ್ಲ."

ಹೀಗೆ ನಮ್ಮ ಮನೆಗೆ ಇಂಟರ್ನೆಟ್ ಬಂತು. ಅಡುಗೆಮನೆಗೂ ತಲುಪುತ್ತದೆ. ತಿಂಗಳಿಗೆ 3,300 ಜಿಬಿ ಮಿತಿ ಎಂದು ಷರತ್ತಿನಲ್ಲಿ ಓದಿದ ನಮ್ಮವರು ಅದನ್ನು ಮೂವತ್ತರಿಂದ ಭಾಗಿಸಿ, ದಿನದ ಕೋಟಾ 110 ಜಿಬಿ ಎಂದು ಕಂಡುಹಿಡಿದು ಚಿಂತೆಗೆ ಬಿದ್ದಿದ್ದಾರೆ. ಎಷ್ಟು ಗಣರಾಜ್ಯೋತ್ಸವ ಪೆರೇಡುಗಳನ್ನು ನೋಡಿದರೂ ಮುಗಿಯುತ್ತಿಲ್ಲ. ದಿನಾ ರಾತ್ರಿ ಲ್ಯಾಪ್ಸ್ ಆಗುತ್ತಿದೆ. ಇದನ್ನು ಭಾವಮೈದುನರಿಗೆ ಕೊಟ್ಟು ಖಾಲಿ ಮಾಡುವಂತೆಯೂ ಇಲ್ಲ.

ಖಾತೆ ನನ್ನದಾದ್ದರಿಂದ ಒಟಿಪಿ, ಬಿಲ್ಲು, ದೂರು ಎಲ್ಲ ನನ್ನ ಫೋನಿಗೇ ಬರುತ್ತವೆ. ಮದುವೆಯಾದಂದಿನಿಂದ ಮಿಲಿಟರಿ ಆಸ್ಪತ್ರೆಯಲ್ಲಿ, ಕ್ವಾರ್ಟರ್ಸಿನಲ್ಲಿ, ಕ್ಯಾಂಟೀನಿನಲ್ಲಿ ಅವರ ನಂಬರಿನ ಕೆಳಗೆ ಅವಲಂಬಿತೆ ಎಂದು ದಾಖಲಾಗಿದ್ದವಳು ನಾನು. ಈಗ ರೂಟರಿನ ಆ್ಯಪ್ ತೆಗೆದರೆ ನನ್ನ ಖಾತೆಯ ಕೆಳಗೆ ಅವಲಂಬಿತರ ಸಾಲು ಕಾಣುತ್ತದೆ: ಮಗಳ ಲ್ಯಾಪ್‌ಟಾಪು, ಟಿವಿ, ಮತ್ತೆ ಉದ್ದನೆಯ ಸಂಖ್ಯೆಯೊಂದರ ಹೆಸರಿನಲ್ಲಿ ನಮ್ಮವರ ಮೊಬೈಲು. ಮೊನ್ನೆ ಭುಜದ ಮೇಲಿನಿಂದ ಬಗ್ಗಿ ನೋಡಿದರು.

"ಅಲ್ಲಿ ಹೆಸರು ಬದಲಾಯಿಸೋಕಾಗುತ್ತಾ?"

"ಆಗುತ್ತೆ. ಏನು ಹಾಕಲಿ?"

"ಏನಿಲ್ಲ... ಮುಂದೆ ಒಂದು ಸುಬೇದಾರ್ ಅಂತ ಇದ್ರೆ ಗೊತ್ತಾಗುತ್ತೆ, ಯಾರದ್ದು ಅಂತ."

ಹಾಕಿಕೊಟ್ಟೆ. ಅದಕ್ಕೆ ಚಾರ್ಜಿಲ್ಲ, ಜಿಎಸ್‌ಟಿಯೂ ಇಲ್ಲ.